ಒಳಗಿಂದ ಒಂದು ಕೂಗು: ಪ್ರೋಗ್ರಾಮು ಶೆಲ್ಲನ್ನು ಕರೆದ ಕಥೆ

ಭಾಗ 1/8 | ಮಾಲೂರು ಮಾಯವಾದ ದಿನ

ಸ್ಕ್ರೀನ್‌ಶಾಟ್‌ನಲ್ಲಿ ಎಷ್ಟು ಫೋಲ್ಡರ್ ಇವೆ ಎಣಿಸಿ ನೋಡಿ. ಕೋಲಾರ, ಮಾಲೂರು ಹಳೇದು, ಮುಳಬಾಗಿಲು, ಶ್ರೀನಿವಾಸಪುರ. ಇವುಗಳ ಜೊತೆ ಬರೀ "ಮಾಲೂರು" ಅಂತ ಇನ್ನೊಂದಿತ್ತು. ಈಗಿಲ್ಲ. ಅಳಿಸಿದ್ದು ನಾನೇ.

ಇದು ನಮ್ಮ ಗುಂಪಿನ ಪ್ರಾಜೆಕ್ಟು. ನಾಲ್ಕು ಜನ, ನಾಲ್ಕು ತಾಲ್ಲೂಕು. ಒಬ್ಬರಿಗೆ ಕೋಲಾರದ ಟೊಮ್ಯಾಟೊ ಮಂಡಿ, ಒಬ್ಬರಿಗೆ ಮಾಲೂರಿನ ಹೆಂಚು ಮತ್ತು ಇಟ್ಟಿಗೆ, ಒಬ್ಬರಿಗೆ ಮುಳಬಾಗಿಲಿನ ದೋಸೆ ಹೋಟೆಲುಗಳು, ಇನ್ನೊಬ್ಬರಿಗೆ ಶ್ರೀನಿವಾಸಪುರದ ಮಾವು. ಹೋಗಿ ಫೋಟೋ ತೆಗೆಯೋದು, ಕೆಲಸ ಮಾಡೋರನ್ನ ಮಾತಾಡಿಸೋದು, ಟಿಪ್ಪಣಿ ಬರೆಯೋದು. ಹೆಸರೆಲ್ಲಾ ಕನ್ನಡದಲ್ಲೇ ಇಡೋಣ ಅಂತ ಮೊದಲ ದಿನವೇ ತೀರ್ಮಾನ ಮಾಡಿದ್ವಿ. ಎಲ್ಲಾ ಸೇರಿ ಬಂದು ಕೂತಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ.

"ಮಾಲೂರು ಹಳೇದು" ಅನ್ನೋದು ಬೇಡದ ಹಳೇ ಪ್ರತಿ. ಅದನ್ನ ತೆಗೆಯೋಣ ಅಂತ ಪೈಥಾನಿನಲ್ಲಿ ಒಂದು ಸಾಲು ಬರೆದೆ. ಲಿನಕ್ಸಿನ ಅಳಿಸೋ ಕಮಾಂಡ್ ಇದೆಯಲ್ಲ, ಆರ್‌ಎಂ, ಅದರ ಮುಂದೆ ಫೋಲ್ಡರಿನ ಹೆಸರು ಅಂಟಿಸಿ, ಓಎಸ್.ಸಿಸ್ಟಮ್ ಕೈಗೆ ಕೊಟ್ಟೆ. ಎಂಟರ್ ಒತ್ತಿದೆ. ಏನೋ ಒಂದು ಸಾಲು ಗೊಣಗಿತು, ನಾನು ಓದಲಿಲ್ಲ.

"ಮಾಲೂರು ಹಳೇದು" ಅಲ್ಲೇ ಇದೆ. "ಮಾಲೂರು" ಹೋಗಿದೆ. ಆರ್‌ಎಂ ಅಳಿಸಿದ್ದು ಕಸದ ಬುಟ್ಟಿಗೂ ಹೋಗಲ್ಲ. ನನ್ನ ಗೆಳತಿಯ ಮೂರು ಭಾನುವಾರದ ಕೆಲಸ ಅದು.

ಆ ರಾತ್ರಿ ನಿದ್ದೆ ಬರಲಿಲ್ಲ. ತಲೆಯಲ್ಲಿ ಒಂದೇ ಪ್ರಶ್ನೆ. ನಾನು ಬರೆದಿದ್ದು ಪೈಥಾನ್. ಪೈಥಾನಿಗೆ ನಾನು ಕೊಟ್ಟ ಹೆಸರು ಸರಿಯಾಗಿಯೇ ಇತ್ತು. ಹಾಗಾದ್ರೆ ಆ ಹೆಸರನ್ನ ಎರಡು ತುಂಡು ಮಾಡಿದ್ದು ಯಾರು? ಉತ್ತರ ಹುಡುಕ್ತಾ ಹೋದೆ, ಅರವತ್ತು ವರ್ಷ ಹಿಂದಕ್ಕೆ ಹೋಗಬೇಕಾಯ್ತು. ಈ ಸರಣಿ ಆ ಹುಡುಕಾಟದ್ದು. ಸೇವ್ ಮಾಡಿಟ್ಕೊಳ್ಳಿ, ಲ್ಯಾಬ್ ವೈವಾಗೂ ಆಗುತ್ತೆ.

ಭಾಗ 2/8 | ಚಿಪ್ಪು ಅಂತ ಹೆಸರಿಟ್ಟವರು

ಮುಳಬಾಗಿಲಿನ ದೋಸೆ ಹೋಟೆಲಿಗೆ ಹೋದ್ರೆ ನಾವು ಸೀದಾ ಅಡುಗೆಮನೆಗೆ ನುಗ್ಗಲ್ಲ. ಸಪ್ಲೈಯರ್‌ಗೆ ಹೇಳ್ತೀವಿ. ಅವರು ಒಳಗಡೆ ತಿರುಗಿ ಕೂಗ್ತಾರೆ, ದೋಸೆ ಬರುತ್ತೆ. ಒಲೆ ಎಷ್ಟಿದೆ, ತುಪ್ಪ ಎಲ್ಲಿದೆ ನಮಗೆ ಗೊತ್ತಿರಬೇಕಿಲ್ಲ.

ಕಂಪ್ಯೂಟರಿನಲ್ಲಿ ಅಡುಗೆಮನೆ ಅಂದ್ರೆ ಡಿಸ್ಕು, ಮೆಮೊರಿ, ಅವನ್ನೆಲ್ಲಾ ಕಾಯೋ ಕರ್ನಲ್. ಸಪ್ಲೈಯರ್ ಕೆಲಸ ಶೆಲ್‌ದು. ನಾವು ಟೈಪ್ ಮಾಡಿದ ಸಾಲನ್ನು ಓದೋದು, ಪದ ಪದ ಬಿಡಿಸೋದು, ಮೊದಲ ಪದವನ್ನ ಕಮಾಂಡ್ ಅಂತ ಹಿಡಿಯೋದು, ಉಳಿದದ್ದನ್ನ ಅದರ ಕೈಗೆ ಕೊಡೋದು. "ಪದ ಪದ ಬಿಡಿಸೋದು" ಅನ್ನೋದನ್ನ ನೆನಪಿಟ್ಕೊಳ್ಳಿ. ನನ್ನ ಗ್ರಹಚಾರ ಇದ್ದಿದ್ದು ಅಲ್ಲೇ.

1960ರ ದಶಕದ ಆರಂಭ. ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆ ಇತ್ತು. ಒಂದು ದೊಡ್ಡ ಕಂಪ್ಯೂಟರನ್ನ ಹಲವರು ಒಂದೇ ಹೊತ್ತಿನಲ್ಲಿ ಹಂಚಿಕೊಂಡು ಬಳಸೋದು. ಅಲ್ಲಿ ಲೂಯಿ ಪೂಜಾಂ ಅನ್ನೋ ಫ್ರೆಂಚ್ ಇಂಜಿನಿಯರ್ ಕೆಲಸ ಮಾಡ್ತಿದ್ರು. ದಿನಾ ಅವೇ ಕಮಾಂಡುಗಳನ್ನ ಮತ್ತೆ ಮತ್ತೆ ಟೈಪ್ ಮಾಡಿ ಅವರಿಗೆ ಸಾಕಾಗಿತ್ತು. ಕಮಾಂಡುಗಳನ್ನ ಒಂದು ಫೈಲಿನಲ್ಲಿ ಬರೆದಿಟ್ಟು, ಆ ಫೈಲನ್ನೇ ಓಡಿಸೋ ಪ್ರೋಗ್ರಾಮ್ ಬರೆದ್ರು. ಹೆಸರು ರನ್‌ಕಾಮ್. ಇವತ್ತು ನಮ್ಮ ಲಿನಕ್ಸಿನ ಬ್ಯಾಷ್‌ಆರ್‌ಸಿ ಫೈಲ್ ಕೊನೆಯಲ್ಲಿರೋ "ಆರ್‌ಸಿ" ಬಂದಿದ್ದು ಈ ರನ್‌ಕಾಮ್‌ನಿಂದ.

ಮುಂದಿನ ವ್ಯವಸ್ಥೆ ಮಲ್ಟಿಕ್ಸ್. ಅದಕ್ಕೆ ಪೂಜಾಂ ಈ ವಿಚಾರವನ್ನೇ ಬೆಳೆಸಿ, ಕಮಾಂಡ್ ಓದೋ ಭಾಗಕ್ಕೆ "ಶೆಲ್" ಅಂತ ಹೆಸರಿಟ್ರು. ಅಂದ್ರೆ ಚಿಪ್ಪು. ಅವರು ಫ್ರಾನ್ಸಿಗೆ ವಾಪಸ್ ಹೋದ ಮೇಲೆ, 1965ರಲ್ಲಿ ಮಲ್ಟಿಕ್ಸ್‌ನ ಮೊದಲ ಶೆಲ್ಲನ್ನು ಬರೆದವರು ಗ್ಲೆಂಡಾ ಶ್ರೋಡರ್. ಈ ಹೆಸರನ್ನ ನಾನು ಯಾವ ನೋಟ್ಸಿನಲ್ಲೂ ನೋಡಿರಲಿಲ್ಲ. ನೀವು?

ಭಾಗ 3/8 | ಒಂದು ಆಶ್ಚರ್ಯಸೂಚಕ ಚಿಹ್ನೆ

ಕೆನ್ ಥಾಂಪ್ಸನ್, ಡೆನಿಸ್ ರಿಚಿ ಇಬ್ಬರೂ ಯಂತ್ರದ ಮುಂದಿರೋ ಕಪ್ಪು ಬಿಳುಪು ಫೋಟೋ ನೀವೂ ನೋಡಿರ್ತೀರಿ. ಅದರಲ್ಲಿ ಸ್ಕ್ರೀನೇ ಇಲ್ಲ. ಮುಂದಿರೋದು ಟೆಲಿಟೈಪ್ ಮಾದರಿ 33, ಅಂದ್ರೆ ಕಾಗದದ ಮೇಲೆ ಬಡಿಯೋ ಟೈಪ್‌ರೈಟರ್. ಸೆಕೆಂಡಿಗೆ 10 ಅಕ್ಷರ.

1969ರಲ್ಲಿ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್ ಯೋಜನೆಯಿಂದ ಹೊರಗೆ ಬಂತು. ಥಾಂಪ್ಸನ್ ಮತ್ತು ರಿಚಿ ಪಿಡಿಪಿ-7 ಅನ್ನೋ ಚಿಕ್ಕ ಯಂತ್ರದಲ್ಲಿ ಯುನಿಕ್ಸ್ ಕಟ್ಟೋಕೆ ಶುರು ಮಾಡಿದ್ರು. ಮಲ್ಟಿಕ್ಸ್‌ನಿಂದ ಶೆಲ್ ಅನ್ನೋ ಹೆಸರೂ ಜೊತೆಗೆ ಬಂತು. ಪ್ರೋಗ್ರಾಮ್ ಬರೆಯೋಕೆ ಥಾಂಪ್ಸನ್ ಇಡಿ ಅನ್ನೋ ಎಡಿಟರ್ ಮಾಡಿದ್ರು.

ಈಗ ಅವರ ಜಾಗದಲ್ಲಿ ನೀವಿದ್ದೀರಿ ಅಂದ್ಕೊಳ್ಳಿ. ಇಡಿ ಒಳಗೆ ಕೂತು ಪ್ರೋಗ್ರಾಮ್ ಬರೀತಿದ್ದೀರಿ. ಮಧ್ಯದಲ್ಲಿ ಡಿಸ್ಕಿನಲ್ಲಿ ಯಾವ ಫೈಲ್ ಇದೆ ನೋಡಬೇಕು. ನಮಗೆ ಇವತ್ತು ಇನ್ನೊಂದು ಕಿಟಕಿ ತೆರೆದ್ರೆ ಆಯ್ತು. ಅವರಿಗೆ ಕಿಟಕಿನೇ ಇಲ್ಲ. ಎಡಿಟರಿನಿಂದ ಆಚೆ ಬಂದು, ಕಮಾಂಡ್ ಕೊಟ್ಟು, ಮತ್ತೆ ಒಳಗೆ ಹೋಗಿ, ಫೈಲ್ ತೆರೆದು, ಎಲ್ಲಿದ್ವಿ ಅಂತ ಹುಡುಕಬೇಕು. ಎಲ್ಲವೂ ಸೆಕೆಂಡಿಗೆ 10 ಅಕ್ಷರದ ಲೆಕ್ಕದಲ್ಲಿ.

ಅದಕ್ಕೆ ಇಡಿಯಲ್ಲಿ ಒಂದು ಕಿಂಡಿ ಬಿಟ್ರು. ಸಾಲಿನ ಮೊದಲಲ್ಲಿ "!" ಹಾಕಿ ಕಮಾಂಡ್ ಬರೆದ್ರೆ, ಇಡಿ ಅದನ್ನ ತಾನು ಮುಟ್ಟದೆ ಶೆಲ್‌ಗೆ ಕೊಡುತ್ತೆ. ಶೆಲ್ ಕೆಲಸ ಮುಗಿಸಿದ ಮೇಲೆ ಇಡಿ ಇನ್ನೊಂದು "!" ಅಚ್ಚು ಹಾಕುತ್ತೆ, ಅಂದ್ರೆ ಆಯ್ತು, ನೀನು ಎಲ್ಲಿದ್ಯೋ ಅಲ್ಲೇ ಇದ್ದೀಯ.

ಕೂತ ಜಾಗದಿಂದ ಏಳದೆ ಒಳಗಿಂದಲೇ ಹೊರಗೆ ಒಂದು ಕೂಗು. ಬಿಲ್ ಜಾಯ್ ಮಾಡಿದ ವಿಐ ಎಡಿಟರಿಗೂ ಇದೇ ಚಿಹ್ನೆ ಬಂತು. ಇವತ್ತು ಜುಪಿಟರ್ ನೋಟ್‌ಬುಕ್ಕಿನಲ್ಲಿ, ಕೊಲ್ಯಾಬ್‌ನಲ್ಲಿ ಏನಾದ್ರೂ ಇನ್‌ಸ್ಟಾಲ್ ಮಾಡೋಕೆ "!" ಹಾಕ್ತೀವಲ್ಲ, ಅದು ಕೂಡ ಇದೇ ವಂಶದ್ದು.

ಭಾಗ 4/8 | ಸಿಡಿ ಯಾಕೆ ಕೆಲಸ ಮಾಡಲ್ಲ?

ನಮ್ಮ ಕ್ಲಾಸಿನಲ್ಲಿ ಅರ್ಧ ಜನ ತಲೆ ಕೆರ್ಕೊಂಡಿರೋ ವಿಷಯ ಇದು. ನೋಟ್‌ಬುಕ್ಕಿನಲ್ಲಿ "!ಸಿಡಿ ಕೋಲಾರ" ಅಂತ ಕೊಡ್ತೀವಿ. ತಪ್ಪು ಅನ್ನಲ್ಲ. ಮುಂದಿನ ಸಾಲಿನಲ್ಲಿ ನೋಡಿದ್ರೆ ಇದ್ದಲ್ಲೇ ಇದ್ದೀವಿ, ಕೋಲಾರಕ್ಕೆ ಹೋಗೇ ಇಲ್ಲ.

ಇದೇ ತಲೆನೋವು ಯುನಿಕ್ಸ್ ಕಟ್ಟಿದವರಿಗೂ ಬಂದಿತ್ತು! ಯುನಿಕ್ಸ್ ಹೇಗೆ ಬೆಳೀತು ಅಂತ ಡೆನಿಸ್ ರಿಚಿ ಆಮೇಲೆ ಬರೆದ ಲೇಖನದಲ್ಲಿ ಇದನ್ನ ಹೇಳಿದ್ದಾರೆ.

ವಿಷಯ ಹೀಗೆ. ಒಂದು ಪ್ರೋಗ್ರಾಮು ಇನ್ನೊಂದನ್ನ ಓಡಿಸಬೇಕಾದ್ರೆ ಯುನಿಕ್ಸ್‌ನಲ್ಲಿ ಮೂರು ಹೆಜ್ಜೆ. ಮೊದಲು ಫೋರ್ಕ್: ಪ್ರೋಗ್ರಾಮು ತನ್ನದೇ ಇನ್ನೊಂದು ಪ್ರತಿ ಹುಟ್ಟಿಸುತ್ತೆ, ಒಂದು ಮಗು. ಆಮೇಲೆ ಎಕ್ಸೆಕ್: ಆ ಮಗು ತನ್ನ ವೇಷ ಕಳಚಿ ಬೇರೆ ಪ್ರೋಗ್ರಾಮಿನ ವೇಷ ಹಾಕ್ಕೊಳ್ಳುತ್ತೆ. ಕೊನೆಗೆ ವೇಟ್: ತಾಯಿ ಪ್ರೋಗ್ರಾಮು, ಮಗು ಕೆಲಸ ಮುಗಿಸೋ ತನಕ ಕಾಯುತ್ತೆ. ಪಿಡಿಪಿ-7ರಲ್ಲಿ ಫೋರ್ಕ್ ಬರೆಯೋಕೆ ಬೇಕಾಗಿದ್ದು ಅಸೆಂಬ್ಲಿಯ ಬರೀ 27 ಸಾಲು ಅಂತ ರಿಚಿ ಲೆಕ್ಕ ಕೊಡ್ತಾರೆ. 27! ನಮ್ಮ ಮೊದಲ ಲ್ಯಾಬ್ ಪ್ರೋಗ್ರಾಮೇ ಅದಕ್ಕಿಂತ ಉದ್ದ ಇತ್ತು.

ಹೊಸ ಫೋರ್ಕ್ ಬಂದ ಮೇಲೆ ಅವರಿಗೆ ಒಂದು ವಿಚಿತ್ರ ಕಂಡಿತು. ಡೈರೆಕ್ಟರಿ ಬದಲಿಸೋ ಕಮಾಂಡು ಕೆಲಸ ನಿಲ್ಲಿಸಿಬಿಟ್ಟಿತ್ತು. ಕೋಡ್ ನೋಡಿದ್ರು, ತಪ್ಪು ಕಾಣಲಿಲ್ಲ. ಕೊನೆಗೆ ಹೊಳೀತು. ಡೈರೆಕ್ಟರಿ ಬದಲಾಗ್ತಾನೇ ಇದೆ, ಆದ್ರೆ ಬದಲಾಗ್ತಿರೋದು ಮಗುವಿನದು. ಮಗು ಕೆಲಸ ಮುಗಿಸಿ ಸತ್ತರೆ ಅದರ ಡೈರೆಕ್ಟರಿಯೂ ಅದರ ಜೊತೆ ಹೋಯ್ತು. ತಾಯಿ ಇದ್ದಲ್ಲೇ ಇದೆ. ಹಾಗಾಗಿ ಆ ಒಂದು ಕಮಾಂಡನ್ನ ಶೆಲ್ ತಾನೇ, ಮಗುವನ್ನ ಹುಟ್ಟಿಸದೆ, ಮಾಡೋ ಹಾಗೆ ತಿದ್ದಿದ್ರು.

ನೋಟ್‌ಬುಕ್ಕಿನಲ್ಲಿ "!" ಬದಲು "%ಸಿಡಿ" ಬಳಸಿ ಅನ್ನೋದು ಇದಕ್ಕೇ. ಕೂಗಿಗೆ ಉತ್ತರ ಕೊಡೋದು ಬೇರೆಯವರು. ಅವರು ಎದ್ದು ಕೋಲಾರಕ್ಕೆ ಹೋದ್ರೆ ನೀವು ಹೋದ ಹಾಗಾಗಲ್ಲ.

ಭಾಗ 5/8 | ಲ್ಯಾಬಿನ ಪ್ರೋಗ್ರಾಮು ಮತ್ತು 256

ಎಡಿಟರಿಗೆ ಕಿಂಡಿ ಬಂತು. ನಾವು ಬರೆಯೋ ಪ್ರೋಗ್ರಾಮಿಗೆ? ಅದಕ್ಕೆ ಸಿ ಭಾಷೆಯಲ್ಲಿ ಸಿಸ್ಟಮ್ ಅನ್ನೋ ಫಂಕ್ಷನ್. 1979ರ ಏಳನೇ ಆವೃತ್ತಿಯ ಯುನಿಕ್ಸ್ ಕೈಪಿಡಿಯಲ್ಲಿ ಇದು ಇದೆ. 1989ರ ಆನ್ಸಿ ಸಿ ಮಾನದಂಡಕ್ಕೂ ಸೇರಿತು. ಒಂದು ಸಾಲು ಕೊಟ್ರೆ ಫೋರ್ಕ್, ಎಕ್ಸೆಕ್, ವೇಟ್ ಮೂರನ್ನೂ ತಾನೇ ಮಾಡಿ ಆ ಸಾಲನ್ನ ಶೆಲ್‌ಗೆ ಓದೋಕೆ ಕೊಡುತ್ತೆ.

ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. 1998ರಲ್ಲಿ ಶುರುವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೆಯಲ್ಲ, ನಮ್ಮ ವಿಟಿಯು, ಅದರ 2010ರ ಸ್ಕೀಮಿನಲ್ಲಿ ಆರನೇ ಸೆಮಿಸ್ಟರಿಗೆ ಯುನಿಕ್ಸ್ ಸಿಸ್ಟಮ್ ಪ್ರೋಗ್ರಾಮಿಂಗ್ ಮತ್ತು ಕಂಪೈಲರ್ ಡಿಸೈನ್ ಅಂತ ಒಂದು ಲ್ಯಾಬ್ ಇತ್ತು. ಅದರ ಪಟ್ಟಿಯಲ್ಲಿದ್ದ ಒಂದು ಪ್ರೋಗ್ರಾಮು: ಸಿಸ್ಟಮ್ ಫಂಕ್ಷನ್ನನ್ನು ನೀವೇ ಬರೆದು ತೋರಿಸಿ. ನಮಗಿಂತ ಮುಂಚೆ ಓದಿದ ಎಷ್ಟೋ ಅಕ್ಕ ಅಣ್ಣಂದಿರು ಬೆಲ್ ಲ್ಯಾಬ್ಸ್‌ನವರು ನಡೆದ ಅದೇ ಮೂರು ಹೆಜ್ಜೆಯನ್ನ ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸ್ಕೊಂಡಿದ್ದಾರೆ. ಮನೇಲಿ ಹಳೇ ರೆಕಾರ್ಡ್ ಇದ್ರೆ ತೆಗೆದು ನೋಡಿ.

ಆ ಪ್ರೋಗ್ರಾಮಿನ ಕೊನೆಯಲ್ಲಿ ಒಂದು ಸಂಖ್ಯೆ ವಾಪಸ್ ಬರುತ್ತೆ. ಎಲ್ಲರೂ ಮರೆಯೋದು ಅದನ್ನೇ. ಯುನಿಕ್ಸ್‌ನಲ್ಲಿ ಕಮಾಂಡ್ ಮುಗಿದ ಮೇಲೆ 0 ಕೊಟ್ರೆ ಎಲ್ಲಾ ಸರಿ. ಬೇರೆ ಏನೇ ಕೊಟ್ರೂ ಏನೋ ಎಡವಟ್ಟು.

ಪೈಥಾನಿನ ಓಎಸ್.ಸಿಸ್ಟಮ್ ಕೂಡ ಒಳಗೊಳಗೆ ಈ ಸಿ ಫಂಕ್ಷನ್ನನ್ನೇ ಕರೆಯುತ್ತೆ. ನನ್ನ ಆ ಸಾಲು ಕೊಟ್ಟಿದ್ದ ಉತ್ತರ 256. ಲಿನಕ್ಸಿನಲ್ಲಿ ಈ ಸಂಖ್ಯೆಯ ಮೇಲಿನ ಬೈಟಿನಲ್ಲಿ ಕಮಾಂಡಿನ ನಿಜವಾದ ಉತ್ತರ ಇರುತ್ತೆ. 256 ಅಂದ್ರೆ 1, ಅಂದ್ರೆ ಆರ್‌ಎಂ ಸೋತಿದೆ. ಅದು ಗೊಣಗಿದ್ದೂ ಇದನ್ನೇ: "ಹಳೇದು" ಅನ್ನೋ ಹೆಸರಿನದ್ದು ಯಾವುದೂ ಇಲ್ಲ ಅಂತ.

ನಾನು ಆಗಲೇ ಓದಿದ್ರೂ ಫೋಲ್ಡರ್ ಉಳೀತಿರಲಿಲ್ಲ, ನಿಜ. ಆದ್ರೆ ಬೆಳಿಗ್ಗೆ ಗೆಳತಿಗೆ "ಎಲ್ಲಾ ಕ್ಲೀನ್ ಮಾಡಿದ್ದೀನಿ" ಅಂತ ಮೆಸೇಜ್ ಹಾಕ್ತಿರಲಿಲ್ಲ.

ಭಾಗ 6/8 | ಉತ್ತರ ಕೈಗೆ ಬಂದಾಗ

ಸಿಸ್ಟಮ್‌ಗೆ ಒಂದು ಮಿತಿ ಇತ್ತು. ಕಮಾಂಡ್ ಅಚ್ಚು ಹಾಕಿದ್ದು ಸೀದಾ ಟರ್ಮಿನಲ್ಲಿಗೆ ಹೋಗ್ತಿತ್ತು. ಪ್ರೋಗ್ರಾಮಿನ ಕೈಗೆ ಸಿಕ್ತಿದ್ದಿದ್ದು ಆ ಒಂದು ಸಂಖ್ಯೆ ಮಾತ್ರ.

1979ರ ಅದೇ ಯುನಿಕ್ಸ್‌ನಲ್ಲಿ ಇದಕ್ಕೆ ಎರಡು ದಾರಿ ಕಾಣುತ್ತೆ. ಸಿ ಭಾಷೆಯಲ್ಲಿ ಪಿಓಪನ್: ಕಮಾಂಡ್ ಮತ್ತು ಪ್ರೋಗ್ರಾಮಿನ ನಡುವೆ ಒಂದು ಪೈಪು. ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್‌ನಲ್ಲಿ ಬ್ಯಾಕ್‌ಟಿಕ್, ಅಂದ್ರೆ ಹಿಂದಕ್ಕೆ ವಾಲಿದ ಆ ಪುಟ್ಟ ಗೆರೆ. ಎರಡು ಬ್ಯಾಕ್‌ಟಿಕ್ ಮಧ್ಯೆ ಕಮಾಂಡ್ ಬರೆದ್ರೆ, ಆ ಜಾಗದಲ್ಲಿ ಅದರ ಉತ್ತರವೇ ಬಂದು ಕೂರುತ್ತೆ.

1987ರಲ್ಲಿ ಲ್ಯಾರಿ ವಾಲ್ ಪರ್ಲ್ ಭಾಷೆ ಬಿಟ್ಟಾಗ ಈ ಬ್ಯಾಕ್‌ಟಿಕ್ಕನ್ನ ಹಾಗೇ ಎತ್ಕೊಂಡ್ರು. ಹೊರಗಿನ ನೂರಾರು ಕಮಾಂಡುಗಳು ಪರ್ಲ್ ಪ್ರೋಗ್ರಾಮಿನ ಅಂಗಗಳ ಹಾಗೆ ಆಗ್ಬಿಟ್ಟವು.

ಪೈಥಾನ್ ಮೊದಲು ಹೊರಬಂದಿದ್ದು 1991ರಲ್ಲಿ. ಹತ್ತು ವರ್ಷ ಆದ ಮೇಲೆ, 2001ರಲ್ಲಿ, ಕೊಲಂಬಿಯಾ ದೇಶದಿಂದ ಅಮೆರಿಕಕ್ಕೆ ಭೌತಶಾಸ್ತ್ರ ಓದೋಕೆ ಬಂದಿದ್ದ ಫರ್ನಾಂಡೊ ಪೆರೆಜ್ ಐಪೈಥಾನ್ ಬರೆಯೋಕೆ ಶುರು ಮಾಡಿದ್ರು. ಆಗ ಅವರು ಇನ್ನೂ ವಿದ್ಯಾರ್ಥಿ. ವಿಜ್ಞಾನದ ಲೆಕ್ಕ ಮಾಡೋರಿಗೆ ಪೈಥಾನೂ ಬೇಕು, ಫೈಲು ಫೋಲ್ಡರು ಓಡಾಡೋಕೆ ಶೆಲ್ಲೂ ಬೇಕು. ಐಪೈಥಾನ್‌ನಲ್ಲಿ "!ಎಲ್‌ಎಸ್" ಅಂದ್ರೆ ಫೈಲುಗಳ ಪಟ್ಟಿ ಕಾಣುತ್ತೆ. ಅದರ ಎಡಕ್ಕೆ ಒಂದು ಹೆಸರು, ಸಮ ಚಿಹ್ನೆ ಹಾಕಿದ್ರೆ ಆ ಪಟ್ಟಿ ಪೈಥಾನಿನ ಲಿಸ್ಟ್ ಆಗಿ ಕೈಗೆ ಬರುತ್ತೆ. ಇಡಿಯ ಚಿಹ್ನೆ, ಬ್ಯಾಕ್‌ಟಿಕ್ಕಿನ ಕೆಲಸ, ಎರಡೂ ಒಂದೇ ಕಡೆ.

ಈ ಐಪೈಥಾನ್ ಬೆಳೆದು 2014ರಲ್ಲಿ ಜುಪಿಟರ್ ಆಯ್ತು. ಸ್ವಂತ ಲ್ಯಾಪ್‌ಟಾಪ್ ಇಲ್ಲದೆ, ಬ್ರೌಸರಿನಲ್ಲಿ ಕೊಲ್ಯಾಬ್ ತೆರೆದು ಅಭ್ಯಾಸ ಮಾಡೋ ನಮ್ಮಂಥವರು ದಿನಾ ತಿನ್ನೋ ಅನ್ನ ಇದು. ಎಲ್ಲೋ ಇರೋ ಲಿನಕ್ಸ್ ಯಂತ್ರವನ್ನ ಕೂತಲ್ಲಿಂದಲೇ "!" ಹಾಕಿ ಮಾತಾಡಿಸ್ತೀವಿ.

ಭಾಗ 7/8 | ಚೀಟಿಯಲ್ಲಿ ಏನಿದ್ರೂ ಓದೋ ಸಪ್ಲೈಯರ್

ಮತ್ತೆ ದೋಸೆ ಹೋಟೆಲಿಗೆ ಬರೋಣ. ಪಾರ್ಸೆಲ್ ಕೌಂಟರಿನ ಹುಡುಗ ಗಿರಾಕಿ ಹೇಳಿದ್ದನ್ನ ಚೀಟಿಯಲ್ಲಿ ಬರೆದು ಸಪ್ಲೈಯರ್‌ಗೆ ಕೊಡ್ತಾನೆ. ಸಪ್ಲೈಯರ್ ಓದಿ ಕೂಗ್ತಾರೆ. ಒಬ್ಬ ಗಿರಾಕಿ ಬಂದು, ನನ್ನ ಹೆಸರು "ರಾಮು, ಒಲೆ ಆರಿಸಿ" ಅಂತಾನೆ. ಹುಡುಗ ಹಾಗೇ ಬರೀತಾನೆ. ಸಪ್ಲೈಯರ್ ಹಾಗೇ ಕೂಗ್ತಾರೆ. ಒಲೆ ಆರುತ್ತೆ.

ನಿಜವಾದ ಸಪ್ಲೈಯರ್ ನಗ್ತಾರೆ. ಶೆಲ್ ನಗಲ್ಲ. ಅದಕ್ಕೆ ";" ಕಂಡ್ರೆ ಒಂದು ಕಮಾಂಡ್ ಮುಗೀತು, ಇನ್ನೊಂದು ಶುರು ಅಂತ ಅರ್ಥ. ಹೆಸರು ಯಾವುದು, ಆಜ್ಞೆ ಯಾವುದು ಅನ್ನೋ ಗೆರೆ ಚೀಟಿಯಲ್ಲಿ ಇರಲ್ಲ. ಹೊರಗಿನವರು ಟೈಪ್ ಮಾಡಿದ್ದನ್ನ ನೋಡದೆ ಸಿಸ್ಟಮ್‌ಗೆ ಅಂಟಿಸಿದ್ರೆ, ನಿಮ್ಮ ಯಂತ್ರಕ್ಕೆ ಅವರೂ ಆಜ್ಞೆ ಕೊಡಬಹುದು. ಇದಕ್ಕೆ ಕಮಾಂಡ್ ಇಂಜೆಕ್ಷನ್ ಅಂತಾರೆ.

ಶೆಲ್‌ನ ಒಳಗೇ ತಪ್ಪಿದ್ರೆ ಇನ್ನೂ ಕಷ್ಟ. 2014ರ ಸೆಪ್ಟೆಂಬರಿನಲ್ಲಿ ಶೆಲ್‌ಶಾಕ್ ಅನ್ನೋ ದೋಷ ಬಯಲಾಯ್ತು. ಬ್ಯಾಷ್ ಶೆಲ್‌ನಲ್ಲಿ ಅದನ್ನ ಕಂಡುಹಿಡಿದವರು ಸ್ಟೆಫಾನ್ ಶಾಜೆಲಾ. ಹೊರಗಿನವರು ಕಳಿಸಿದ ಅಕ್ಷರಗಳನ್ನ ಬ್ಯಾಷ್ ಶುರುವಾಗುವಾಗಲೇ ಆಜ್ಞೆ ಅಂತ ಓಡಿಸಿಬಿಡ್ತಿತ್ತು. ವೆಬ್ ಸರ್ವರುಗಳು ಒಳಗಿಂದ ಶೆಲ್ಲನ್ನ ಕರೆಯೋ ಕಡೆಯೆಲ್ಲಾ ಅಪಾಯ. ಆ ದೋಷ 1989ರಿಂದಲೇ ಅಲ್ಲಿತ್ತು. 25 ವರ್ಷ ಯಾರಿಗೂ ಕಂಡಿರಲಿಲ್ಲ.

ಪೈಥಾನಿನವರು ಬೇರೆ ದಾರಿ ಮಾಡಿದ್ರು. 2004ರ ನವೆಂಬರಿನಲ್ಲಿ ಬಂದ ಪೈಥಾನ್ 2.4ರಲ್ಲಿ ಸಬ್‌ಪ್ರೊಸೆಸ್ ಅನ್ನೋ ಮಾಡ್ಯೂಲ್ ಸೇರಿತು. ಪ್ರಸ್ತಾಪ ಬರೆದವರು ಪೀಟರ್ ಓಸ್ಟ್ರಾಂಡ್. ಇಲ್ಲಿ ಚೀಟಿಯ ಬದಲು ಲಿಸ್ಟ್ ಕೊಡಬಹುದು. ಮೊದಲನೇದು ಕಮಾಂಡು, ಎರಡನೇದು ಅದರ ಆಯ್ಕೆ, ಮೂರನೇದು ಹೆಸರು. ಪ್ರತಿಯೊಂದೂ ಬೇರೆ ಬೇರೆ ಡಬ್ಬಿಯಲ್ಲಿ. ಶೆಲ್ ನಡುವೆ ಬರೋದೇ ಇಲ್ಲ, ಪದ ಬಿಡಿಸೋರೂ ಇಲ್ಲ. ಹೆಸರಲ್ಲಿ ಖಾಲಿ ಜಾಗ ಇದ್ರೂ, ";" ಇದ್ರೂ, ಅದು ಹೆಸರೇ. 2015ರ ಪೈಥಾನ್ 3.5ರಲ್ಲಿ ಇದಕ್ಕೆ ರನ್ ಅನ್ನೋ ಸುಲಭದ ಫಂಕ್ಷನ್ ಬಂತು.

ನಾನು ಆ ಸಾಲು ಬರೆಯೋ ಹೊತ್ತಿಗೆ ಇದೆಲ್ಲಾ ಬಂದು ಎಷ್ಟೋ ವರ್ಷ ಆಗಿತ್ತು. ಓಎಸ್.ಸಿಸ್ಟಮ್ ಚಿಕ್ಕದು, ಟೈಪ್ ಮಾಡೋಕೆ ಸುಲಭ ಅಂತ ಅದನ್ನೇ ಬಳಸಿದೆ.

ಭಾಗ 8/8 | ಒಂದು ಬೈಟು

ತಪ್ಪಾಯ್ತು ಅಂತ ಹೇಳಿದಾಗ ಗುಂಪಿನಲ್ಲಿ ಒಬ್ಬ ಅಂದ: "ನೋಡ್ದಾ ಮಗಾ, ಕನ್ನಡದಲ್ಲಿ ಹೆಸರಿಟ್ಟಿದ್ದಕ್ಕೇ ಹಿಂಗಾಗಿದ್ದು. ಇಂಗ್ಲಿಷ್‌ನಲ್ಲಿ ಇಟ್ಟಿದ್ರೆ ಆಗ್ತಿರಲಿಲ್ಲ." ಇದನ್ನ ಕೇಳಿ ಸುಮ್ನಿರೋಕೆ ಆಗಲಿಲ್ಲ. ಪರೀಕ್ಷೆ ಮಾಡಿ ನೋಡಿದೆ.

ಕನ್ನಡ ಲಿಪಿ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಇದೆ. ಅದನ್ನ ಫೈಲಿನ ಹೆಸರಾಗಿ ಬರೆಯೋಕೆ ಲಿನಕ್ಸ್ ಬಳಸೋದು ಯುಟಿಎಫ್-8. ಅದನ್ನ ರೂಪಿಸಿದ್ದು ಯಾರು ಗೊತ್ತಾ? ಇಡಿ ಎಡಿಟರ್ ಬರೆದ ಅದೇ ಕೆನ್ ಥಾಂಪ್ಸನ್, ರಾಬ್ ಪೈಕ್ ಜೊತೆ. 1992ರ ಸೆಪ್ಟೆಂಬರಿನಲ್ಲಿ, ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ತಟ್ಟೆ ಕೆಳಗೆ ಹಾಸೋ ಕಾಗದದ ಮೇಲೆ.

ಆ ಲೆಕ್ಕದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. "ಮಾಲೂರು" ಅನ್ನೋದರಲ್ಲಿ ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು 6 ಸಂಕೇತ. 18 ಬೈಟು. ಆ 18ರಲ್ಲಿ ಒಂದೂ ಖಾಲಿ ಜಾಗದ ಹಾಗೆ, ";" ಹಾಗೆ, ಡೈರೆಕ್ಟರಿಯ ಓರೆಗೆರೆ ಹಾಗೆ ಕಾಣದಂತೆ ಯುಟಿಎಫ್-8 ರೂಪಿಸಿದ್ದಾರೆ. ಹಾಗಾಗಿ ಕನ್ನಡವೇ ಗೊತ್ತಿಲ್ಲದ ಹಳೇ ಕಮಾಂಡುಗಳು ಕೂಡ ಆ ಹೆಸರನ್ನ ಒಂದು ಬೈಟೂ ಕೆಡಿಸದೆ ದಾಟಿಸ್ತವೆ. ಶೆಲ್ ನನ್ನ ಸಾಲನ್ನ ಕತ್ತರಿಸಿದ್ದು "ಮಾಲೂರು" ಮತ್ತು "ಹಳೇದು" ಮಧ್ಯೆ ನಾನು ಬಿಟ್ಟ ಖಾಲಿ ಜಾಗದಲ್ಲಿ. ಅದು 1 ಬೈಟು. ಇಂಗ್ಲಿಷ್‌ನಲ್ಲಿ ಬರೆದಿದ್ರೂ ಅಲ್ಲೇ ಕತ್ತರಿಸ್ತಿತ್ತು. ಅದನ್ನೂ ಮಾಡಿ ತೋರಿಸಿದೆ, ಈ ಸಲ ಖಾಲಿ ಫೋಲ್ಡರಿನ ಮೇಲೆ.

ಅಂದ್ರೆ ಕನ್ನಡದ್ದು ಏನೂ ತಪ್ಪಿಲ್ಲ. ಶೆಲ್‌ದೂ ಅಲ್ಲ, ಅದು ಅರವತ್ತು ವರ್ಷದಿಂದ ಮಾಡ್ತಿರೋ ಕೆಲಸವನ್ನೇ ಮಾಡ್ತು. ನಾನು ಯಾರನ್ನ ಕೂಗ್ತಿದ್ದೀನಿ ಅಂತ ತಿಳಿಯದೆ ಕೂಗಿದೆ. ಅಷ್ಟಕ್ಕೂ ಆ ಕೂಗೇ ಬೇಕಿರಲಿಲ್ಲ. ಫೋಲ್ಡರ್ ಅಳಿಸೋಕೆ ಪೈಥಾನಿನ ಒಳಗೇ ಫಂಕ್ಷನ್ ಇದೆ.

ಫೋಟೋಗಳು ಗೆಳತಿಯ ಫೋನಿನಲ್ಲಿ ಉಳಿದಿದ್ದವು, ವಾಪಸ್ ಬಂದವು. ಟಿಪ್ಪಣಿ ಬರಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಮಾಲೂರಿಗೆ ಹೋದ್ವಿ. ಹೆಂಚು ಒಣಗಿಸೋ ಜಾಗದಲ್ಲಿ ಅದೇ ಅಜ್ಜಿ ಕೂತಿದ್ರು. "ಮತ್ತೆ ಬಂದ್ಯೇನಮ್ಮಾ, ಹೋದ್ಸಲ ಎಲ್ಲಾ ಬರ್ಕೊಂಡ್ ಹೋದ್ಯಲ್ಲ?" ಅಂದ್ರು. ಗೆಳತಿ ನನ್ನ ಕಡೆ ನೋಡಿದ್ಲು. ನಾನೇ ಪುಸ್ತಕ ತೆಗೆದು ಬರೆಯೋಕೆ ಕೂತೆ.

ಇವತ್ತಿನ ಕೊನೆಯ ಫೋಟೋದಲ್ಲಿ ಮತ್ತೆ ನಾಲ್ಕು ಫೋಲ್ಡರ್ ಇವೆ. ಎಲ್ಲಾ ಹೆಸರೂ ಕನ್ನಡದಲ್ಲೇ. ಪಕ್ಕದಲ್ಲಿ ಕಾಣ್ತಿರೋದು ಪೆನ್‌ಡ್ರೈವ್, ಅದರಲ್ಲಿ ಇನ್ನೊಂದು ಪ್ರತಿ.

#ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ಕನ್ನಡದಲ್ಲಿಕಂಪ್ಯೂಟರ್ #ಪೈಥಾನ್ #ಶೆಲ್